ಹೌದು, ಹವಳವನ್ನು ಕಂಪ್ಯೂಟರೇ ನೋಡುತ್ತೆ. ಆಮೇಲೆ?

"ಫೋಟೋ ಹಾಕಿದ್ರೆ ಕಂಪ್ಯೂಟರೇ ಹವಳ ಎಣಿಸುತ್ತಂತೆ, ನಿಮಗಿನ್ನೇನು ಕೆಲಸ?" ಅಂತ ಕೇಳುತ್ತಾರೆ, ಸಮುದ್ರದಡಿ ಹವಳದ ಸಮೀಕ್ಷೆ ಮಾಡುವ ನಮ್ಮನ್ನು.

ಇಲ್ಲಿ ಹವಳ ಎಣಿಸುವುದಿಲ್ಲ ಸ್ವಾಮಿ. ಒಂದರೊಳಗೊಂದು ಹೆಣೆದುಕೊಂಡ ಅಕ್ರೊಪೋರಾ (ಕವಲೊಡೆದು ಬೆಳೆಯುವ ಹವಳ) ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಅಂತ ಹೇಗೆ ಎಣಿಸುತ್ತೀರಿ? ಅಳೆಯುವುದು ಹೊದಿಕೆಯನ್ನು: ತಳದಲ್ಲಿ ಶೇಕಡಾ ಎಷ್ಟು ಜೀವಂತ ಹವಳ, ಎಷ್ಟು ಪಾಚಿ, ಎಷ್ಟು ಮರಳು. ಟೇಪು ಹಾಸಿ, ಒಂದೇ ಎತ್ತರದಿಂದ ನೇರ ಕೆಳಮುಖವಾಗಿ ಫೋಟೋ ತೆಗೆದು, ಅದರ ಮೇಲೆ ರ್‍ಯಾಂಡಮ್ ಆಗಿ ಬಿಂದುಗಳನ್ನು ಚೆಲ್ಲಬೇಕು. ಕೋರಲ್‌ನೆಟ್‌ನಂಥ ತಂತ್ರಾಂಶ ಪ್ರತಿ ಬಿಂದುವಿನ ಸುತ್ತಲಿನ ತುಣುಕು ನೋಡಿ ಒಂದು ಹೆಸರು ಕೊಡುತ್ತದೆ, ಜೊತೆಗೆ ತನಗೆಷ್ಟು ಖಾತ್ರಿ ಎಂಬ ಅಂಕಿ. ಆ ಹೆಸರುಗಳನ್ನು ಕೂತು ಕಲಿಸಿದವರು ಮನುಷ್ಯರೇ.

ಹೊದಿಕೆ 20% ಇರುವ ಒಂದು ಫೋಟೋದಲ್ಲಿ 100 ಬಿಂದು ಹಾಕಿದರೂ ಪ್ರಮಾಣಿತ ದೋಷ, ಅಂದರೆ ಅಂದಾಜು ಸಾಮಾನ್ಯವಾಗಿ ಅತ್ತಿತ್ತ ಆಗುವ ಪ್ರಮಾಣ, 4 ಶೇಕಡಾ ಅಂಶ. ಅದರ ಮೇಲೆ ಫೋಟೋದಿಂದ ಫೋಟೋಗೆ ಹೊದಿಕೆಯೇ ಬದಲಾಗುತ್ತದೆ. ಹಾಗಾಗಿ ಬಿಂದು ಹೆಚ್ಚಿಸುವುದಕ್ಕಿಂತ ಫೋಟೋ ಹೆಚ್ಚಿಸುವುದು ಲೇಸು.

ಎಡವಟ್ಟು ಮಾತ್ರ ನೀರಲ್ಲೇ ಆಗಿರುತ್ತದೆ. 10 ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಕೆಂಪು ಬೆಳಕನ್ನು ನೀರು ಬಹುಪಾಲು ನುಂಗಿರುತ್ತದೆ. ಬಂಡೆಗೆ ಅಂಟಿದ ಗುಲಾಬಿ ಸುಣ್ಣಪಾಚಿ ಬೂದಿಬಣ್ಣಕ್ಕೆ ತಿರುಗಿ, ಕುರುಚಲು ಪಾಚಿ ಹಿಡಿದ ಸತ್ತ ಹವಳದ ಹಾಗೇ ಕಾಣುತ್ತದೆ. ದಾಖಲಾಗದ ಕೆಂಪನ್ನು ಆಮೇಲೆ ಎಡಿಟ್ ಮಾಡಿ ಎಳೆದರೆ ಬರುವುದು ಬರೀ ನಾಯ್ಸ್, ಅರ್ಥವಿಲ್ಲದ ಚುಕ್ಕೆಗಳು. ಆಳ ಬದಲಾದಾಗಲೆಲ್ಲ ಬೂದು ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ (ಬಣ್ಣ ಸರಿಹೊಂದಿಸಿ), ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಫ್ಲಾಶ್ ಇದ್ದರೆ ಲೆನ್ಸಿನಿಂದ ದೂರ, ಎರಡೂ ಬದಿಗೆ ಚಾಚಿ. ಇಲ್ಲವಾದರೆ ತೇಲುವ ಕಣಗಳೇ ಹೊಳೆಯುತ್ತವೆ. ಎಕ್ಸ್‌ಪೋಜರ್ ತುಸು ಕಡಿಮೆಯೇ ಇರಲಿ. ಬಿಳಿಚಿಕೊಂಡ ಹವಳಕ್ಕೆ ಜೀವವಿದೆ, ಮೇಲೆ ಪಾರದರ್ಶಕ ಅಂಗಾಂಶವಿದೆ. ಈಗಷ್ಟೇ ಸತ್ತದ್ದರಲ್ಲಿ ಬರೀ ಅಸ್ಥಿಪಂಜರದ ಚೂಪು ಅಂಚುಗಳು. ಬಿಳಿ ಸುಟ್ಟುಹೋದ ಫೋಟೋದಲ್ಲಿ ಎರಡೂ ಒಂದೇ.

ಕೇಳುವುದಾದರೆ ಹೀಗೆ ಕೇಳಿ: ಹೋದ ವರ್ಷಕ್ಕೂ ಈ ವರ್ಷಕ್ಕೂ ಕಂಡ ವ್ಯತ್ಯಾಸ ಹವಳದ್ದೋ, ಕ್ಯಾಮೆರಾದ್ದೋ?

"ನಿಖರತೆ 98%" ಅಂದರೆ ನಾನು ಬಗ್ಗುವುದಿಲ್ಲ. ಬಿಳಿಚಿದ ಹವಳ ಬಿಂದುಗಳಲ್ಲಿ 2% ಮಾತ್ರ ಇದ್ದು, ಅದನ್ನು ಒಮ್ಮೆಯೂ ಗುರುತಿಸದ ಮಾದರಿಗೂ (ಹೆಸರು ಕೊಡಲು ಕಲಿತ ತಂತ್ರಾಂಶಕ್ಕೂ) 98% ದಕ್ಕೀತು! ಒಂದೊಂದು ವರ್ಗಕ್ಕೂ ಬೇರೆಬೇರೆ ಲೆಕ್ಕ ತೋರಿಸಿ. ಕಲಿಸಿದ ಜಾಗದ ಪಕ್ಕದ ಫೋಟೋದಲ್ಲೇ ಪರೀಕ್ಷೆ ಮಾಡಬೇಡಿ, ಅದು ಕಾಪಿ ಹೊಡೆಸಿದ ಹಾಗೆ. ಬೇರೆ ತಾಣದ್ದು ಕೊಡಿ. ಹೊಸ ವರ್ಷದ ಫೋಟೋಗಳಲ್ಲಿ ಒಂದಷ್ಟನ್ನು, ಯಂತ್ರ ಏನಂದಿತೆಂದು ನೋಡದೆ, ಕೈಯಲ್ಲೇ ಗುರುತಿಸಿ ತಾಳೆ ಹಾಕಿ. ಮಾದರಿಯನ್ನು ಮಧ್ಯೆ ಮತ್ತೆ ಕಲಿಸಿದ್ದರೆ ಹಳೆಯ ವರ್ಷಗಳನ್ನೆಲ್ಲ ಅದರಲ್ಲೇ ಪುನಃ ಓಡಿಸಬೇಕು. ಫೋಟೋ ಅಳಿಸಿ ಬರೀ ಶೇಕಡಾ ಪಟ್ಟಿ ಇಟ್ಟುಕೊಂಡವರಿಗೆ ಆ ದಾರಿಯೂ ಇಲ್ಲ.