ತಲೆ ಒಂದು ಕಡೆ, ಮೈ ಒಂದು ಕಡೆ

ಘಾನಾದ ರಾಜಧಾನಿ ಅಕ್ರಾದಲ್ಲಿ ನಾನು ಇಳಿದ ವಿಮಾನ ನಿಲ್ದಾಣಕ್ಕೆ ಆಗ ಕೊಟೊಕಾ ಅಂತ ಹೆಸರಿತ್ತು. 1966ರ ಫೆಬ್ರವರಿ 24ರಂದು ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರನ್ನು ಕುರ್ಚಿಯಿಂದ ಇಳಿಸಿದ ಸೇನಾಧಿಕಾರಿಗಳಲ್ಲಿ ಒಬ್ಬರು ಈ ಕೊಟೊಕಾ. ಮರುವರ್ಷ ಇನ್ನೊಂದು ದಂಗೆಯ ಪ್ರಯತ್ನದಲ್ಲಿ ಅವರೂ ಹೆಣವಾದರು. ಅಲ್ಲಿಂದ ಟ್ಯಾಕ್ಸಿ ಹಿಡಿದು ಊರೊಳಗೆ ಹೋದರೆ ಎನ್‌ಕ್ರುಮಾ ಸ್ಮಾರಕ ಸಿಗುತ್ತದೆ. ಇಳಿಸಿದವರ ಹೆಸರಲ್ಲಿ ವಿಮಾನ ನಿಲ್ದಾಣ, ಇಳಿದವರ ಹೆಸರಲ್ಲಿ ಪಾರ್ಕು. ಇಬ್ಬರನ್ನೂ ಒಂದೇ ಊರು ಹೇಗೆ ಇಟ್ಟುಕೊಂಡಿದೆ ಅನ್ನೋ ಕುತೂಹಲ ನನಗೆ ಶುರುವಾಗಿದ್ದು ಅಲ್ಲೇ.

ಅಕ್ಕ, ಭಾವ ಇರುವುದು ತೆಮಾದಲ್ಲಿ. ಅಕ್ರಾದ ಪಕ್ಕದ ಬಂದರು ಊರು, ಎನ್‌ಕ್ರುಮಾ ಕಾಲದಲ್ಲಿ ಅಳೆದು ಸುರಿದು ಕಟ್ಟಿದ್ದು. ನನ್ನ ಪಟ್ಟಿ ನೋಡಿ ಭಾವ ನಕ್ಕರು. "ಸತ್ತ ರಾಜಕಾರಣಿಯ ಸಮಾಧಿ ನೋಡೋಕೆ ಬೆಂಗಳೂರಿಂದ ಬರಬೇಕಿತ್ತಾ? ಕಾಕುಮ್‌ಗೆ ಹೋಗು, ಮರಗಳ ತುದಿಯಲ್ಲಿ ತೂಗುಸೇತುವೆ ಇದೆ." ಹೋದೆ. ಸೇತುವೆ ಚೆನ್ನಾಗಿದೆ. ಕೇಪ್ ಕೋಸ್ಟ್ ಕೋಟೆಯ ಗುಲಾಮರ ನೆಲಮಾಳಿಗೆಗಳನ್ನೂ ನೋಡಿದೆ. ಅದರ ಬಗ್ಗೆ ಬರೆಯುವ ಧೈರ್ಯ ನನಗಿಲ್ಲ.

ಹೊರಡುವವರಿಗೆ ಒಂದು ಮಾತು, ಇನ್ನೂ ಹೊಟ್ಟೆ ಉರಿಯುತ್ತಿದೆ, ಅದಕ್ಕೆ ಹೇಳುತ್ತಿದ್ದೇನೆ. ಘಾನಾಕ್ಕೆ ಹೋಗಲು ಹಳದಿ ಜ್ವರದ ಲಸಿಕೆ ಕಡ್ಡಾಯ. ನನ್ನ ಟ್ರಾವೆಲ್ ಏಜೆಂಟ್ "ಹಿಂದಿನ ದಿನ ಹಾಕಿಸಿಕೊಂಡರೂ ನಡೆಯುತ್ತೆ ಮೇಡಂ" ಅಂದಿದ್ದ. ನಡೆಯುವುದಿಲ್ಲ. ಲಸಿಕೆ ಹಾಕಿಸಿಕೊಂಡು 10 ದಿನ ಆದಮೇಲೆ ಮಾತ್ರ ಅದರ ಪ್ರಮಾಣಪತ್ರಕ್ಕೆ, ಅಂದರೆ ಅವರು ಕೊಡುವ ಹಳದಿ ಪುಸ್ತಕಕ್ಕೆ, ಬೆಲೆ. ಟಿಕೆಟ್ ಮುಂದಕ್ಕೆ ಹಾಕಿಸಿ, ದಂಡ ಕಟ್ಟಿದ್ದು ನಾನು. ವಾಪಸ್ ಬರುವಾಗಲೂ ನಮ್ಮ ವಿಮಾನ ನಿಲ್ದಾಣದಲ್ಲಿ ಆ ಪುಸ್ತಕ ಕೇಳುತ್ತಾರೆ, ಇಲ್ಲದಿದ್ದರೆ ಬೇರೆ ಇಡುತ್ತಾರೆ. ಮಾನ್ಯತೆ ಇರುವ ಕೇಂದ್ರಗಳು ಕಮ್ಮಿ, ಸರದಿ ಜಾಸ್ತಿ. ಟಿಕೆಟ್‌ಗಿಂತ ಮೊದಲು ಸೂಜಿ.

ಸ್ಮಾರಕ ಇರುವ ಜಾಗ ಬ್ರಿಟಿಷರ ಕಾಲದಲ್ಲಿ ಪೋಲೋ ಮೈದಾನ. ಬಿಳಿಯರು ಕುದುರೆ ಓಡಿಸುತ್ತಿದ್ದರು, ಊರಿನವರಿಗೆ ಒಳಗೆ ಪ್ರವೇಶ ಇರಲಿಲ್ಲ. ಎನ್‌ಕ್ರುಮಾ ಸ್ವಾತಂತ್ರ್ಯ ಘೋಷಿಸಲು ಬೇಕಂತಲೇ ಅದೇ ಜಾಗ ಆರಿಸಿಕೊಂಡರು ಅನ್ನುತ್ತಾರೆ. 1957ರ ಮಾರ್ಚ್ 6, ನಡುರಾತ್ರಿ. ಅವರೂ ಜೊತೆಗಾರರೂ ಉತ್ತರದ ಹಳ್ಳಿಗರು ಹಾಕುವ ಫುಗು ಅಂಗಿ ತೊಟ್ಟು ವೇದಿಕೆ ಹತ್ತಿದರು. ತಲೆಯ ಮೇಲಿನ ಟೋಪಿಯಲ್ಲಿ 'ಪಿ.ಜಿ.' ಅಂತ ಅಕ್ಷರ. ಸ್ನಾತಕೋತ್ತರ ಅಲ್ಲ, 'ಪ್ರಿಸನ್ ಗ್ರಾಜುಯೇಟ್', ಜೈಲಿನಲ್ಲಿ ಪಾಸಾದವರು! 1950ರಲ್ಲಿ ಎನ್‌ಕ್ರುಮಾ ಸಾರಿದ ಮುಷ್ಕರದ ಚಳವಳಿಗೆ ಗಾಂಧಿಯ ದಾರಿಯೇ ಮಾದರಿ. ಅದಕ್ಕೆ ಜೈಲಾಯಿತು. 1951ರ ಚುನಾವಣೆಯನ್ನು ಜೈಲಿನಿಂದಲೇ ಗೆದ್ದು ಹೊರಬಂದರು.

ಆ ರಾತ್ರಿಯ ಭಾಷಣದಲ್ಲಿ ಅವರು ಹೇಳಿದ ಒಂದು ಮಾತು ಈಗಲೂ ಅಲ್ಲಿನ ಶಾಲೆ ಮಕ್ಕಳಿಗೆ ಬಾಯಿಪಾಠ. ಇಡೀ ಆಫ್ರಿಕಾ ಬಿಡುಗಡೆಯಾಗದೆ ಘಾನಾದ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ ಅಂತ. ಸುಮ್ನೆ ಹೇಳಿದ್ದಲ್ಲ. ಮರುವರ್ಷ ಡಿಸೆಂಬರ್‌ನಲ್ಲಿ ಇನ್ನೂ ಗುಲಾಮರಾಗಿದ್ದ ದೇಶಗಳ ಹೋರಾಟಗಾರರನ್ನು ಅಕ್ರಾಕ್ಕೆ ಕರೆಸಿ ದೊಡ್ಡ ಸಮ್ಮೇಳನ ಮಾಡಿದರು. ಕಾಂಗೋದ ಪ್ಯಾಟ್ರಿಸ್ ಲುಮುಂಬಾ ಬಂದಿದ್ದರು. ಅಲ್ಜೀರಿಯಾದ ಪರವಾಗಿ ಫ್ರಾಂಟ್ಸ್ ಫನಾನ್ ಬಂದು, ಬಂದೂಕಿಗೆ ಬಂದೂಕೇ ಉತ್ತರ ಅನ್ನುವ ಅರ್ಥದಲ್ಲಿ ವಾದಿಸಿದರು. ಅಹಿಂಸೆಯಿಂದ ಗೆದ್ದವರ ಊರಲ್ಲೇ ಆ ಜಗಳ.

ಸಮಾಧಿ ಕಟ್ಟಡ ನನಗೆ ಹಿಡಿಸಲಿಲ್ಲ. 2023ರಲ್ಲಿ ಎಲ್ಲಾ ಹೊಸದು ಮಾಡಿದ್ದಾರೆ. ಥಳಥಳ ಅಮೃತಶಿಲೆ, ಕಾರಂಜಿ, ಅದರೊಳಗೆ ಕುಳಿತು ಕೊಂಬು ಊದುವ ಮೂರ್ತಿಗಳು, ಫೋಟೊ ತೆಗೆಸಿಕೊಳ್ಳುವ ಮದುವೆ ಜೋಡಿ. ವಿದೇಶಿಗರಿಗೆ ಬೇರೆ ದರದ ಟಿಕೆಟ್. ಇನ್ನೇನು ಹೊರಡೋಣ ಅಂತಿರುವಾಗ ಕಣ್ಣಿಗೆ ಬಿದ್ದದ್ದು ತಲೆಯಿಲ್ಲದ ಒಂದು ವಿಗ್ರಹ.

1966ರಲ್ಲಿ ದಂಗೆ ಆದಾಗ ಎನ್‌ಕ್ರುಮಾ ದೇಶದಲ್ಲಿರಲಿಲ್ಲ. ವಿಯೆಟ್ನಾಂ ಯುದ್ಧದ ಸಂಧಾನಕ್ಕೆ ಅಂತ ಹೊರಟವರು ಚೀನಾ ತಲುಪಿದ್ದರು. ಇತ್ತ ಜನ ಹಳೇ ಪಾರ್ಲಿಮೆಂಟಿನ ಮುಂದಿದ್ದ ಅವರ ವಿಗ್ರಹವನ್ನು ಕೆಡವಿ ಹಾಕಿದರು. ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಕಾನೂನು ತಂದಿದ್ದು, ಒಂದೇ ಪಕ್ಷ ಸಾಕು ಅಂದಿದ್ದು ಇದೇ ಎನ್‌ಕ್ರುಮಾ. ಹಿರಿಯ ನಾಯಕ ಜೆ.ಬಿ. ಡಾನ್ಕ್ವಾ 1965ರಲ್ಲಿ ಜೈಲಿನಲ್ಲೇ ತೀರಿಕೊಂಡರು. ಆ ವಿಗ್ರಹದ ತಲೆಯನ್ನು ಮಾತ್ರ ಯಾರೋ ಎತ್ತಿ ಜೋಪಾನ ಮಾಡಿ, ಎಷ್ಟೋ ವರ್ಷ ಆದಮೇಲೆ 2009ರಲ್ಲಿ ತಂದುಕೊಟ್ಟರಂತೆ. ಈಗ ಮೈ ಒಂದು ಪೀಠದ ಮೇಲೆ, ತಲೆ ಪಕ್ಕದ ಇನ್ನೊಂದು ಪೀಠದ ಮೇಲೆ. ಜೋಡಿಸಬಹುದಿತ್ತು, ಜೋಡಿಸಿಲ್ಲ. ಈ ಒಂದು ತೀರ್ಮಾನ ಮಾಡಿದವರಿಗೆ ನನ್ನ ನಮಸ್ಕಾರ. ಉಳಿದ ಅಮೃತಶಿಲೆಯನ್ನೆಲ್ಲ ಕ್ಷಮಿಸಿಬಿಟ್ಟೆ.

ಅಲ್ಲೇ ನೆರಳಲ್ಲಿ ಮೊಮ್ಮಗನ ಜೊತೆ ಕುಳಿತಿದ್ದ ಒಬ್ಬ ಹಿರಿಯರು ಸರಿದು ಜಾಗ ಕೊಟ್ಟರು. ನಿವೃತ್ತ ಮೇಷ್ಟ್ರು.

"ಎಲ್ಲಿಂದ ಮಗಳೇ?"

"ಇಂಡಿಯಾ. ಬೆಂಗಳೂರು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಂಗಳೂರು. ಅಲ್ಲಿ ನಮ್ಮ ಹುಡುಗಿಯೊಬ್ಬಳನ್ನು ಹೊಡೆದಿದ್ದರಲ್ಲ."

ನನಗೆ ತಕ್ಷಣ ಗೊತ್ತಾಯಿತು. 2016ರ ಜನವರಿ, ಹೆಸರಘಟ್ಟ ಕಡೆ. ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಗುದ್ದಿ ಒಬ್ಬ ಹೆಂಗಸು ಸತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಅದಕ್ಕೂ ತನಗೂ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ತಾಂಜಾನಿಯಾ ಇರುವುದು ಖಂಡದ ಇನ್ನೊಂದು ಅಂಚಿನಲ್ಲಿ. ಈ ಮೇಷ್ಟ್ರು ಅಲ್ಲಿಗೆ ಹೋದವರೇ ಅಲ್ಲ. ಆದರೂ ಮನೆಯವಳ ಸುದ್ದಿ ಹೇಳಿದ ಹಾಗೆ ಹೇಳಿದರು. ಸುಡಾನಿನವನ ಲೆಕ್ಕಕ್ಕೆ ತಾಂಜಾನಿಯಾದವಳನ್ನು ಹಿಡಿದ ನಮ್ಮ ಗುಂಪೂ ಅವರೆಲ್ಲ ಒಂದೇ ಅಂದುಕೊಂಡಿತ್ತು, ಅಲ್ವಾ. ನಾನು ಏನೂ ಹೇಳಲಿಲ್ಲ.

ಆಮೇಲೆ ಮಾತು ಹೊರಳಿಸಲು ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ವಿಷಯ ತೆಗೆದೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರ ವಂಶದವರು, ಕಾಡಿನಂಚಲ್ಲಿ ಇದ್ದಾರೆ, ಕೊಂಕಣಿ, ಕನ್ನಡ ಆಡುತ್ತಾರೆ ಅಂದೆ. ಮೇಷ್ಟ್ರು ನೆಟ್ಟಗೆ ಕುಳಿತರು. ಓಟು ಹಾಕ್ತಾರಾ? ಜಮೀನು ಇದೆಯಾ? ಶಾಲೆಗೆ ಹೋಗ್ತಾರಾ? ಒಂದರ ಹಿಂದೆ ಒಂದು. 2020ರಲ್ಲಿ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು ಅಂದಾಗ ಮೊಮ್ಮಗನ ಫೋನ್ ಇಸಿದುಕೊಂಡು ಆ ಹೆಸರನ್ನು ನನ್ನ ಕೈಯಲ್ಲೇ ಬರೆಸಿದರು.

"ಹೊರಗಿನವರು ಹೊಡೆದರೆ ನಾವೆಲ್ಲ ಒಂದೇ," ಅಂದರು ಆಮೇಲೆ, ತಾವಾಗಿಯೇ. "ಮನೆಯೊಳಗಿನ ಕಥೆ ಕೇಳು."

1969ರಲ್ಲಿ ಅವರು ಹುಡುಗ. ಬೀದಿಯ ಅಂಗಡಿ ಒಬ್ಬ ಯೊರುಬಾದವರದ್ದು, ನೈಜೀರಿಯಾ ಮೂಲ. ಕಾಗದಪತ್ರ ಇಲ್ಲದ ಪರದೇಶಿಗಳು ಎರಡು ವಾರದಲ್ಲಿ ಜಾಗ ಖಾಲಿ ಮಾಡಬೇಕು ಅಂತ ಅಧಿಕಾರದಲ್ಲಿದ್ದ ಬುಸಿಯಾ ಸರ್ಕಾರ ಆಜ್ಞೆ ಹೊರಡಿಸಿತು. ಅಂಗಡಿಯವರು ಘಾನಾದಲ್ಲೇ ಹುಟ್ಟಿದ್ದರಂತೆ. ಸಕ್ಕರೆ, ಸೀಮೆಎಣ್ಣೆ ಬಂದಷ್ಟಕ್ಕೆ ಮಾರಿ ಲಾರಿ ಹತ್ತಿದರು. "ನಮ್ಮಪ್ಪ ಅರ್ಧ ಬೆಲೆಗೆ ಅವರ ತಕ್ಕಡಿ ತಗೊಂಡ. ನಾವು ತುಂಬ ವರ್ಷ ಅದನ್ನೇ ಬಳಸಿದೆವು."

ಇನ್ನೊಂದು ದಶಕಕ್ಕೆ ಲೆಕ್ಕ ತಿರುಗಿತು. ಘಾನಾದಲ್ಲಿ ಬರ, ಬೆಲೆಯೇರಿಕೆ. ನೈಜೀರಿಯಾದಲ್ಲಿ ಕಚ್ಚಾ ತೈಲದ ದುಡ್ಡು. ಘಾನಾದ ಮೇಷ್ಟ್ರುಗಳೆಲ್ಲ ಅಲ್ಲಿಗೆ ಗುಳೆ ಹೋದರು, ಇವರೂ ಲಾಗೋಸ್ ಸೇರಿದರು. 1983ರ ಜನವರಿಯಲ್ಲಿ ನೈಜೀರಿಯಾ ಅದೇ ಮಾತು ಹೇಳಿತು, ಎರಡು ವಾರ, ಹೊರಡಿ. ಲಕ್ಷಾಂತರ ಜನ ರಸ್ತೆಗೆ ಬಿದ್ದರು. ಚೌಕಳಿ ಚೌಕಳಿಯ ದೊಡ್ಡ ಪ್ಲಾಸ್ಟಿಕ್ ಚೀಲ ಇದೆಯಲ್ಲ, ನಮ್ಮ ಕೆ.ಆರ್. ಮಾರ್ಕೆಟ್ಟಿನಲ್ಲೂ ನೇತುಹಾಕಿರುತ್ತಾರೆ, ಅದರಲ್ಲಿ ಸಂಸಾರ ತುಂಬಿಕೊಂಡು. ನೈಜೀರಿಯಾದಲ್ಲಿ ಆ ಚೀಲಕ್ಕೆ ಇವತ್ತಿಗೂ 'ಘಾನಾ ಮಸ್ಟ್ ಗೋ' ಅಂತಲೇ ಹೆಸರು. ನೈಜೀರಿಯಾದಿಂದ ಘಾನಾಕ್ಕೆ ಬರಲು ಬೆನಿನ್, ಆಮೇಲೆ ಟೋಗೊ, ಎರಡು ದೇಶ ದಾಟಬೇಕು. ಘಾನಾ ಆಗ ಟೋಗೊ ಕಡೆಯ ಗಡಿ ಮುಚ್ಚಿತ್ತು, ಅದಕ್ಕೆ ಟೋಗೊ ಬೆನಿನ್ ಕಡೆಯದನ್ನು ಮುಚ್ಚಿತು. ಮೇಷ್ಟ್ರು, ಹೆಂಡತಿ, ಕೈಗೂಸು ಬೆನಿನ್‌ನಲ್ಲಿ ಸಿಕ್ಕಿಕೊಂಡರು. ಲಾರಿಯ ಕೆಳಗೇ ಮಲಗಿದ್ದು. ತಿಂಗಳ ಕೊನೆಗೆ ಘಾನಾ ಗಡಿ ತೆರೆದಮೇಲೆ ಮನೆ ಸೇರಿದರು.

"ಆ ಚೀಲ ಇನ್ನೂ ಇದೆಯಾ?" ಅಂದೆ.

"ಅದು ಹರಿದು ಎಷ್ಟೋ ಕಾಲವಾಯಿತು. ಅಗ್ಗದ ಮಾಲು." ನಕ್ಕುಬಿಟ್ಟರು.

ಹಾಗಾದರೆ ಎನ್‌ಕ್ರುಮಾ ಹೇಳಿದ ಒಗ್ಗಟ್ಟು ಬರೀ ಬಾಯಿಮಾತಾ ಅಂತ ತಲೆಯ ಪೀಠದ ಕಡೆ ಕೈ ತೋರಿಸಿದೆ. ಅವರು ಒಪ್ಪಲಿಲ್ಲ. 1963ರ ಮೇ ತಿಂಗಳಲ್ಲಿ ಅಡಿಸ್ ಅಬಾಬಾದಲ್ಲಿ 32 ದೇಶಗಳು ಸೇರಿ ಆಫ್ರಿಕನ್ ಏಕತಾ ಸಂಘಟನೆ ಕಟ್ಟಿದಾಗ, ಇಡೀ ಖಂಡಕ್ಕೆ ಒಂದೇ ಸರ್ಕಾರ ಈಗಲೇ ಬೇಕು ಅಂತ ಹಟ ಹಿಡಿದವರು ಎನ್‌ಕ್ರುಮಾ. ತಾಂಜಾನಿಯಾದ ನೈರೇರೆ ಅಂಥವರು ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ಅಂದರು. ಮರುವರ್ಷ ಕೈರೋದಲ್ಲಿ ಬಿಳಿಯರು ಎಳೆದ ಗಡಿಗಳೇ ಇರಲಿ ಅಂತ ತೀರ್ಮಾನವಾಯಿತು. "ಅವಸರದವನು ಸೋತ, ನಿಧಾನದವರು ಗೆದ್ದರು. ನಾನು ಲಾರಿ ಕೆಳಗೆ ಮಲಗಿದ್ದು ನಿಧಾನದವರ ಗಡಿಯಲ್ಲಿ." ವಾದಕ್ಕೆ ಎದುರು ವಾದ ಇತ್ತು ನನ್ನ ಹತ್ತಿರ. ಟೋಗೊ ಘಾನಾದ ಒಂದು ಪ್ರಾಂತ್ಯವಾಗಲಿ ಅಂತ ಒತ್ತಡ ಹಾಕಿ, ಬಗ್ಗದಿದ್ದಾಗ ಗಡಿ ಮುಚ್ಚಿದವರಲ್ಲಿ ಎನ್‌ಕ್ರುಮಾ ಕೂಡ ಒಬ್ಬರು. ಹೇಳಿದೆ. "ಹೌದು. ಅದಕ್ಕೇ ತಲೆ ಜೋಡಿಸಿಲ್ಲ," ಅಂದರು ಮೇಷ್ಟ್ರು, ಎದ್ದು ಮೊಮ್ಮಗನ ಕೈ ಹಿಡಿದುಕೊಂಡರು.

ಡು ಬಾಯ್ಸ್ ಮನೆಗೂ ಹೋಗಿದ್ದೆ. ಅಮೆರಿಕದ ಕರಿಯರ ಹೋರಾಟದ ಹಿರಿಯ, ತೊಂಬತ್ತು ದಾಟಿದ ಮೇಲೆ ಘಾನಾಕ್ಕೆ ಬಂದು ಇಲ್ಲಿನ ಪ್ರಜೆಯಾಗಿ, 1963ರ ಆಗಸ್ಟ್ 27ರಂದು ತೀರಿಕೊಂಡರು. ಮಾರನೇ ದಿನ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ಆ ದೊಡ್ಡ ಮೆರವಣಿಗೆ. ಲೆಗಾನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಪ್ರಣಬ್ ಮುಖರ್ಜಿ ಅನಾವರಣ ಮಾಡಿದ್ದ ಗಾಂಧಿ ವಿಗ್ರಹವನ್ನು 2018ರಲ್ಲಿ ತೆಗೆದುಹಾಕಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧಿ ಕರಿಯರ ಬಗ್ಗೆ ಬರೆದಿದ್ದನ್ನು ಮುಂದಿಟ್ಟು ಅಧ್ಯಾಪಕರು ಪಟ್ಟು ಹಿಡಿದರು. ಬರೆದದ್ದು ಬರೆದದ್ದೇ, ನನಗೆ ತಕರಾರಿಲ್ಲ.

ಊಟದ ಮಾತು: ಟೊಮೆಟೊ ಹಾಕಿ ಮಾಡುವ ಜೊಲೊಫ್ ಅನ್ನಕ್ಕೆ ಇಷ್ಟೊಂದು ಹೊಗಳಿಕೆ ಯಾಕೋ ಗೊತ್ತಿಲ್ಲ. ಬಂಕು ಮಾತ್ರ ಬಿಡಬೇಡಿ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ಉಂಡೆ, ಮುದ್ದೆ ನುಂಗುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೇಷ್ಟ್ರ ಗಡಿಯನ್ನು ನೋಡಲೇಬೇಕು ಅಂತ ಹಟ ಮಾಡಿ ಭಾವನ ಕಾರಿನಲ್ಲಿ ಅಫ್ಲಾವೊಗೆ ಹೋದೆವು. ವೋಲ್ಟಾ ಸೇತುವೆ ದಾಟಿ ಪೂರ್ವಕ್ಕೆ. ಊರು ಮುಗಿಯುವಲ್ಲಿ ಗೇಟು, ಗೇಟಿನಾಚೆಗೇ ಟೋಗೊದ ರಾಜಧಾನಿ ಲೋಮೆ. ಎರಡೂ ಕಡೆ ಎವೆ ಜನ, ಒಂದೇ ಭಾಷೆ. ದುಡ್ಡು ಮಾತ್ರ ಈ ಕಡೆ ಸೆಡಿ, ಆ ಕಡೆ ಫ್ರಾಂಕ್. ಹೆಂಗಸರು ತಲೆಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದರು, ಬರುತ್ತಿದ್ದರು. ಪೊಲೀಸರು ಕೆಲವರ ಕಾರ್ಡು ನೋಡುತ್ತಿದ್ದರು, ಕೆಲವರ ಕೈ ನೋಡುತ್ತಿದ್ದರು. ಫೋಟೊ ತೆಗೆಯಬೇಡಿ, ಫೋನ್ ಕಿತ್ತುಕೊಳ್ಳುತ್ತಾರೆ.

ಸಿಮ್ ಮಾರುವ ಹುಡುಗನೊಬ್ಬ ಬಂದ. "ಆ ಕಡೆ ಹೋಗ್ತೀರಾ ಬಾಸ್? ಇಂಡಿಯಾ ಪಾಸ್‌ಪೋರ್ಟಾ? ವೀಸಾ ಬೇಕು." ತಾನು ಮಧ್ಯಾಹ್ನದ ಊಟಕ್ಕೇ ಲೋಮೆಗೆ ಹೋಗಿ ಬಂದೆ ಅಂದ. ಅಲ್ಲಿ ಫ್ರೆಂಚರು ಬಿಟ್ಟುಹೋದ ಬ್ರೆಡ್ಡು ಚೆನ್ನಾಗಿರುತ್ತಂತೆ, ಉದ್ದನೆಯದು. ಅಕ್ಕನ ಕಿವಿ ನೆಟ್ಟಗಾಯಿತು. ದುಡ್ಡು ಕೊಟ್ಟೆವು, ಅವನದ್ದೂ ಸ್ವಲ್ಪ ಸೇರಿಸಿ. ದುಡ್ಡು ಹೋಯಿತು ಅಂತ ಭಾವ ಗೊಣಗುತ್ತಿರುವಾಗಲೇ ಹುಡುಗ ಪೇಪರಿನಲ್ಲಿ ಸುತ್ತಿದ ಬ್ರೆಡ್ಡು ಹಿಡಿದು ಗೇಟು ದಾಟಿ ಬಂದ. ತೆಮಾ ತಲುಪುವ ಮೊದಲೇ ಮುಗಿಸಿಬಿಟ್ಟೆವು. ಜಾಸ್ತಿ ತಿಂದಿದ್ದು ಭಾವ.