ಎರೆಮಣ್ಣಿನ ಊರಿನಲ್ಲಿ ಲೋಳೆಸರ

ವಿಜಯಪುರದಲ್ಲಿ ಮನೆಯ ಹಿತ್ತಲಿಗೆ ಯಾವ ಗಿಡ ಒಗ್ಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಲೋಳೆಸರದ ಹೆಸರು. ಅದರ ಬೆನ್ನಿಗೇ ಹೇಳುವ ಇನ್ನೊಂದು ಮಾತನ್ನು ಮಾತ್ರ ಹೆಚ್ಚಿನವರು ನಂಬುವುದಿಲ್ಲ: ನಲವತ್ತು ಡಿಗ್ರಿ ದಾಟುವ ಮೇ ತಿಂಗಳ ಬಿಸಿಲನ್ನು ತಾಳಿಕೊಂಡ ಗಿಡವೇ ನಮ್ಮಲ್ಲಿ ಸೆಪ್ಟೆಂಬರಿನ ಮಳೆಗೆ ಸಾಯುತ್ತದೆ.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಊರಿನಲ್ಲಿ ಗಿಡವೊಂದು ನೀರು ಹೆಚ್ಚಾಗಿ ಕೊಳೆಯುತ್ತದೆ ಎಂದರೆ ಅದರ ಕಾರಣವನ್ನು ಮಣ್ಣಿನಲ್ಲಿಯೇ ಹುಡುಕಬೇಕು. ಕಪ್ಪು ಬಸಾಲ್ಟ್ ಶಿಲೆ ಸವೆದು ಆದ ನಮ್ಮ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಒಮ್ಮೆ ಹಿಡಿದ ಹಸಿಯನ್ನು ಬಹುಕಾಲ ಬಿಟ್ಟುಕೊಡುವುದಿಲ್ಲ. ಹಿಂಗಾರಿಯ ಬಿಳಿಜೋಳ ಮತ್ತು ಕಡಲೆ ಬೆಳೆಯುವುದು ಆ ಹಸಿಯ ಬಲದಿಂದಲೇ. ಆದರೆ ಮೇಲ್ಮಣ್ಣಿನಲ್ಲಿಯೇ ಹರಡಿಕೊಳ್ಳುವ ಲೋಳೆಸರದ ಬೇರಿಗೆ ಗಾಳಿ ಬೇಕು. ಗಾಳಿಯಾಡದ ಜಿಗಟು ಮಣ್ಣಿನಲ್ಲಿ ಬುಡ ಮೆತ್ತಗಾಗಿ, ಎಲೆ ಕೈಗೆ ಕಿತ್ತು ಬರುತ್ತದೆ.

ಅರಬ್ ಪರ್ಯಾಯ ದ್ವೀಪ ಮೂಲದ ಈ ಗಿಡ ಬರಕ್ಕೆಂದೇ ರೂಪುಗೊಂಡಿದೆ. ಉಳಿದ ಬಹುತೇಕ ಗಿಡಗಳು ಹಗಲು ಪತ್ರರಂಧ್ರಗಳನ್ನು ತೆರೆದು ಗಾಳಿಯೊಂದಿಗೆ ತಮ್ಮ ನೀರನ್ನೂ ಕಳೆದುಕೊಂಡರೆ, ಲೋಳೆಸರ ಅವನ್ನು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡೇ ಅದರಿಂದ ಆಹಾರ ತಯಾರಿಸುತ್ತದೆ. ನಮ್ಮ ಭಾಗದ ಅನೇಕ ಮನೆಗಳಲ್ಲಿ ದೃಷ್ಟಿಯಾಗದಿರಲೆಂದು ತಲೆಬಾಗಿಲಿಗೆ ಬೇರುಸಹಿತ ತಲೆಕೆಳಗಾಗಿ ಕಟ್ಟುವ ಲೋಳೆಸರ, ಮಣ್ಣು ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದು ಎಲೆಯ ಲೋಳೆಯಲ್ಲಿ ಕೂಡಿಟ್ಟ ನೀರನ್ನು ಹೀಗೆ ಜಿಪುಣತನದಿಂದ ಖರ್ಚು ಮಾಡುವುದರಿಂದ. ದೃಷ್ಟಿಯ ಮಾತು ಅವರವರ ನಂಬಿಕೆಗೆ ಬಿಟ್ಟದ್ದು. ಬಾಗಿಲಿಗೆ ತೂಗುಬಿಟ್ಟ ಆ ಗಿಡವನ್ನು ನೋಡಿಯೂ ಕುಂಡದ ಗಿಡಕ್ಕೆ ದಿನಾ ಚೊಂಬು ನೀರು ಸುರಿಯುವವರನ್ನು ಕಂಡರೆ ಮಾತ್ರ ನನಗೆ ಸೋಜಿಗವಾಗುತ್ತದೆ.

ಆದ್ದರಿಂದ ಹಿತ್ತಲಿನಲ್ಲಿ ನೆಡುವವರು ಕುಣಿ ತೋಡದೆ, ನೆಲದಿಂದ ಗೇಣುದ್ದ ಎತ್ತರಕ್ಕೆ ದಿಬ್ಬ ಏರಿಸಿ ಅದರ ಮೇಲೆ ನೆಡುವುದು ಲೇಸು. ಒಂದು ಪಾಲು ಎರೆಮಣ್ಣಿಗೆ ಎರಡು ಪಾಲು ಗರಸು ಅಥವಾ ದಪ್ಪ ಮರಳನ್ನೂ ಒಂದು ಹಿಡಿ ಚೆನ್ನಾಗಿ ಕಳಿತ ಕುರಿಗೊಬ್ಬರವನ್ನೂ ಬೆರೆಸಿದರೆ ಸಾಕು. ಗೊಬ್ಬರ ಹೆಚ್ಚಾದರೆ ಎಲೆ ನೀರುಬ್ಬಿ ಸಡಿಲವಾಗುತ್ತದೆ. ಕುಂಡವಾದರೆ ತಳದಲ್ಲಿ ತೂತಿರುವ ಮಣ್ಣಿನ ಕುಂಡವೇ ಮೇಲು. ತಾಯಿಗಿಡದ ಬುಡದಲ್ಲಿ ಏಳುವ ಮರಿಗಳನ್ನು ಬೇರುಸಹಿತ ಬಿಡಿಸಿ, ಕೊಯ್ದ ಗಾಯ ಒಣಗುವಂತೆ ಎರಡು ಮೂರು ದಿನ ನೆರಳಿನಲ್ಲಿಟ್ಟು ನೆಡಬೇಕು. ನೆಟ್ಟ ಕೂಡಲೇ ನೀರು ಹಾಕುವ ರೂಢಿಯನ್ನು ಇಲ್ಲಿ ಬಿಡಬೇಕು. ಒಂದು ವಾರ ತಡೆದರೂ ಮರಿಗೆ ಏನೂ ಆಗುವುದಿಲ್ಲ. ಆಮೇಲೆಯೂ ಬೆರಳು ಮಣ್ಣಿಗಿಳಿಸಿ ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರು ಕೊಡಬೇಕು. ಕೊಳವೆಬಾವಿಯ ನೀರು ಸವಳಾಗಿದ್ದು ಕುಂಡದ ಅಂಚಿಗೆ ಬಿಳಿ ಪದರು ಕಟ್ಟುತ್ತಿದ್ದರೆ, ಆಗಾಗ ಹಿಡಿದಿಟ್ಟ ಮಳೆನೀರನ್ನು ಧಾರಾಳವಾಗಿ ಹಾಯಿಸಿ ಉಪ್ಪನ್ನು ತಳದಿಂದ ಹರಿಸಿಬಿಡಬೇಕು.

ಬೇಸಿಗೆಯಲ್ಲಿ ಎಲೆ ಕಂದುಗೆಂಪಾಗುವುದು ರೋಗವಲ್ಲ, ಬಿಸಿಲಿನ ಬಿರುಸಿಗೆ ಗಿಡ ತೋರುವ ಪ್ರತಿಕ್ರಿಯೆ. ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಸಿಕ್ಕರೆ ಮತ್ತೆ ಹಸಿರಾಗುತ್ತದೆ. ಎಲೆಯ ಬುಡದ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬಹುದು.

ಬಳಸಲು ಕೊಯ್ಯುವಾಗ ಹೊರಗಿನ ಬಲಿತ ಎಲೆಯನ್ನೇ ಬುಡಸಮೇತ ತೆಗೆದು, ಸಿಪ್ಪೆಯ ಕೆಳಗಿನ ಹಳದಿ ರಸ ಇಳಿದುಹೋಗುವವರೆಗೆ ಕೊಯ್ದ ತುದಿ ಕೆಳಗಾಗಿ ನಿಲ್ಲಿಸಿಡಬೇಕು. ಆ ಕಹಿ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹೊಟ್ಟೆಗೆ ಹೋದರೆ ಭೇದಿ ಮಾಡಿಸುತ್ತದೆ. ನಾಯಿ, ಬೆಕ್ಕುಗಳಿಗೂ ಅದು ಒಳ್ಳೆಯದಲ್ಲವಾದ್ದರಿಂದ, ಅವುಗಳಿರುವ ಮನೆಯಲ್ಲಿ ಕುಂಡವನ್ನು ಮಾಳಿಗೆಯ ಮೇಲೋ ಎತ್ತರದ ಕಟ್ಟೆಯ ಮೇಲೋ ಇಡಬೇಕು.