ಸಣ್ಣ ಕ್ಯಾಮೆರಾದಲ್ಲಿ ರಾತ್ರಿ ಸಂಗೀತ ಕಛೇರಿಯ ಫೋಟೋ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಷ್ಟ ಸಣ್ಣ ಕ್ಯಾಮೆರಾದಾಗ ರಾತ್ರಿ ಫೋಟೋ ಹೆಂಗ ತಗೀತೀರಿ ಅಣ್ಣಾ?"

ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮೇಲೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ನನ್ನ ಹತ್ತಿರ ಇರುವುದು ಜೇಬಿನಲ್ಲಿ ಹಿಡಿಯುವ ಸೋನಿ ಆರ್‌ಎಕ್ಸ್100. 2012ರಲ್ಲಿ ಬಂದ ಮೊದಲ ಮಾಡೆಲ್. ನನ್ನ ಉತ್ತರ ಇಷ್ಟೇ: ಜೂಮ್ ಮಾಡಬೇಡಿ, ಮುಂದೆ ಹೋಗಿ ಕೂತ್ಕೊಳ್ಳಿ. ಆಮೇಲೆ ಹಾಡು ಕೇಳಿ.

ಜೂಮ್ ಮಾಡದಿದ್ದಾಗ ಈ ಲೆನ್ಸ್ ಎಫ್/1.8ರವರೆಗೆ ತೆರೆಯುತ್ತದೆ (ಈ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಪೂರ್ತಿ ಜೂಮ್ ಮಾಡಿದರೆ ಎಫ್/4.9 ಅಷ್ಟೇ. ಅಂದ್ರೆ ಒಳಗೆ ಬರುವ ಬೆಳಕು ಏಳನೇ ಒಂದು ಪಾಲಿಗೆ ಇಳಿಯುತ್ತದೆ. 1/125 ಸೆಕೆಂಡಿನಲ್ಲಿ ಸಿಗುತ್ತಿದ್ದ ಫೋಟೋಕ್ಕೆ ಈಗ 1/17ರಷ್ಟು ಹೊತ್ತು ಬೇಕು. ಅಷ್ಟರಲ್ಲಿ ಹಾಡುವವರ ತಲೆ ಅಲ್ಲಾಡಿರುತ್ತದೆ, ನಮ್ಮ ಕೈಯೂ ಅಲ್ಲಾಡಿರುತ್ತದೆ. ಮೊದಲ ವರ್ಷ ಹಿಂದೆ ನಿಂತು ತೆಗೆದ ನನ್ನ ಫೋಟೋಗಳಲ್ಲಿ ಒಂದರಲ್ಲೂ ಕಣ್ಣು ನೆಟ್ಟಗೆ ಕಾಣುವುದಿಲ್ಲ. ಈಗ ಒಂದು ತಾಸು ಮೊದಲೇ ಹೋಗಿ ಜಮಖಾನದ ಮುಂದಿನ ಅಂಚು ಹಿಡಿಯುತ್ತೇನೆ.

ಐಎಸ್‌ಒ, ಅಂದ್ರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, 1600 ಇಡುತ್ತೇನೆ. ಸ್ವಲ್ಪ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ, ಅಲುಗಿದ ಮುಖಕ್ಕಿಂತ ಅದು ಎಷ್ಟೋ ಮೇಲು. ವೇದಿಕೆಯ ಹಿಂದೆ ಕತ್ತಲು ಇರುವುದರಿಂದ ಕ್ಯಾಮೆರಾ ಮೋಸ ಹೋಗಿ ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಅದಕ್ಕೇ ಎಕ್ಸ್‌ಪೋಶರ್ ಒಂದು ಸ್ಟಾಪ್ ಕಡಿಮೆ ಮಾಡಿ, ಅಂದ್ರೆ ಬೆಳಕು ಅರ್ಧಕ್ಕೆ ಇಳಿಸಿ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಒಂದು ಫೋಟೋ ಬೆಳಕಾಗಿ, ಮತ್ತೊಂದು ಮಂಕಾಗಿ ಬರುತ್ತಿದ್ದರೆ ಶಟರ್ 1/100ಕ್ಕೆ ತನ್ನಿ. ಹಾಂ, ದಾಸೋಹದಲ್ಲಿ ಮಿರ್ಚಿ ತಿಂದ ಕೈಯಿಂದ ಲೆನ್ಸ್ ಮುಟ್ಟಬೇಡಿ. ಎಣ್ಣೆಯ ಒಂದು ಬೆರಳಚ್ಚು ಸಾಕು, ಎಲ್ಲಾ ದೀಪದ ಸುತ್ತ ಮಂಜು ಕಟ್ಟುತ್ತದೆ.

ಇನ್ನು ಹಾಡು ಕೇಳುವ ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನಗೆ ಇದೇ ಮುಖ್ಯ. ತೀನ್‌ತಾಲ್ ಅನ್ನುವ ಹಿಂದೂಸ್ತಾನಿ ತಾಳದ ಒಂದು ಸುತ್ತು ಅಂದ್ರೆ 16 ಮಾತ್ರೆ, ಅಂದ್ರೆ 16 ಎಣಿಕೆ. ಬೆರಳಲ್ಲಿ ಎಣಿಸುತ್ತಾ ಕೂತರೆ ಸಮ್, ಅಂದ್ರೆ ಸುತ್ತಿನ ಮೊದಲ ಮಾತ್ರೆ, ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಸಮ್ ಬಿದ್ದ ತಕ್ಷಣ ಹಾಡುವವರ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ತಬಲಾದವರು ತಲೆ ಎತ್ತಿ ಅವರ ಕಡೆ ನೋಡುತ್ತಾರೆ. ಆ ಗಳಿಗೆಗೆ 1/60 ಕೂಡ ಸಾಕು! ಸುಮ್ನೆ ಇಪ್ಪತ್ತು ಸಲ ಒತ್ತುವುದಕ್ಕಿಂತ ತಾಳದ ಒಂದು ಆವರ್ತನ (ಪೂರ್ತಿ ಸುತ್ತು) ಕಾಯುವುದು ಒಳ್ಳೆಯದು, ಅಲ್ವಾ? ನನಗೆ ಬಹಳ ಇಷ್ಟವಾದ ಫೋಟೋ ಹಾಗೇ ಸಿಕ್ಕಿದ್ದು. ತಬಲಾದಿಂದ ಒಂದು ಗೇಣು ಮೇಲೆ ನಿಂತ ಕೈ, ಬೆರಳ ಸಂದಿಯಲ್ಲಿ ಮೆತ್ತಿದ ಪೌಡರ್ ಕೂಡ ಕಾಣುತ್ತದೆ.

ಫ್ಲ್ಯಾಶ್ ಬೇಡವೇ ಬೇಡ. ಫೋಕಸ್‌ಗಾಗಿ ಹೊತ್ತುವ ಕೆಂಪು ದೀಪ, ಬೀಪ್ ಸದ್ದು, ಎರಡನ್ನೂ ಮನೆಯಲ್ಲೇ ಆರಿಸಿ ಬನ್ನಿ. ಹಿಂದಿನ ಸ್ಕ್ರೀನಿನ ಬೆಳಕನ್ನೂ ತೀರಾ ಕಡಿಮೆ ಮಾಡಿ. ಒಂದು ವರ್ಷ ನನ್ನ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಭುಜ ಮುಟ್ಟಿ, "ತಮ್ಮಾ, ಅದರ ಬೆಳಕು ಕಣ್ಣಿಗೆ ಹೊಡೀತದ, ನನಗ ಹಾಡವ್ರು ಕಾಣವಲ್ರು" ಅಂದರು. ಅವತ್ತಿನಿಂದ ಫೋಟೋ ತೆಗೆದ ತಕ್ಷಣ ಕ್ಯಾಮೆರಾವನ್ನು ಮಡಿಲಲ್ಲಿ ಮಗುಚಿ ಇಡುತ್ತೇನೆ.